ಎಲ್‌ಸಿ ಕೇಳಿದ್ದು ಒಂದು ಫೀಡರ್‌ಗೆ, ಆಫ್ ಆಗಿದ್ದು ಇನ್ನೊಂದು: 'ಅಜಾಗರೂಕತೆ' ಎಂದು ಬರೆದರೆ ಮುಗಿಯಿತೇ?

ಬಸ್‌ಬಾರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 66/11 ಕೆವಿ ಸ್ಟೇಷನ್, ಎರಡು ಪವರ್ ಟ್ರಾನ್ಸ್‌ಫಾರ್ಮರ್, 11 ಕೆವಿ ಬದಿಯಲ್ಲಿ ಎರಡು ಬ್ಯಾಂಕ್ (ಒಂದೊಂದು ಟ್ರಾನ್ಸ್‌ಫಾರ್ಮರ್‌ನ ಫೀಡರ್ ಗುಂಪು), ಒಟ್ಟು 14 ಫೀಡರ್, ಅಂದರೆ ಹೊರಗೆ ಹೋಗುವ 11 ಕೆವಿ ಲೈನ್. ಎಲ್ಲವೂ ಕಟ್ಟಡದೊಳಗಿನ ವಿಸಿಬಿ (ವ್ಯಾಕ್ಯೂಮ್ ಸರ್ಕ್ಯೂಟ್ ಬ್ರೇಕರ್) ಪ್ಯಾನೆಲ್, ಬ್ರೇಕರನ್ನು ಟ್ರಾಲಿ ಸಮೇತ ಹೊರಗೆ ಎಳೆಯುವ ಮಾದರಿ. ಒಂದು ಸಾಲಿನಲ್ಲಿ ಎಫ್‌1ರಿಂದ ಎಫ್‌7, ಎದುರು ಸಾಲಿನಲ್ಲಿ ಎಫ್‌8ರಿಂದ ಎಫ್‌14. ಎಫ್‌1ರ ಎದುರಿಗೆ ಎಫ್‌8 ಬರುತ್ತದೆ. ಬೇಸಗೆಯಲ್ಲಿ ದಿನಕ್ಕೆ ಹತ್ತರ ಆಸುಪಾಸು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಫೀಡರ್ ಆಫ್ ಮಾಡಿ ಲೈನ್ ಮೇಲೆ ಕೆಲಸಕ್ಕೆ ಕೊಡುವ ಅನುಮತಿ).

ಎರಡು ಪ್ರಕರಣಗಳು ಮುಂದಿವೆ. ಮೊದಲನೆಯದರಲ್ಲಿ ಎಲ್‌ಸಿ ಕೇಳಿದ್ದು ಎಫ್‌5 ಹೊಸಹಳ್ಳಿ ಐಪಿ (ನೀರಾವರಿ ಪಂಪ್‌ಸೆಟ್) ಫೀಡರ್‌ಗೆ, ಆಫ್ ಮಾಡಿದ್ದು ಎಫ್‌6 ಹೊಸಹಳ್ಳಿ ಎನ್‌ಜೆವೈ (ನಿರಂತರ ಜ್ಯೋತಿ, ಊರಿನ ಮನೆಗಳದ್ದು). ಎರಡನೆಯದರಲ್ಲಿ ರಾತ್ರಿ ಪಾಳಿಯಲ್ಲಿ ಎಫ್‌9 ಬದಲು ಎಫ್‌13 ಟ್ರಿಪ್ ಮಾಡಿದ್ದು. ಎರಡೂ ಸಲ ಲೈನ್ ಮೇಲೆ ಕೈಯಿಡುವ ಮೊದಲೇ ಟೆಸ್ಟರ್‌ನಲ್ಲಿ ಗೊತ್ತಾಗಿದೆ, ಯಾರಿಗೂ ಏನೂ ಆಗಿಲ್ಲ. ವರದಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಸಾಲು: "ಆಪರೇಟರ್ ಅಜಾಗರೂಕತೆ, ಎಚ್ಚರಿಕೆ ನೀಡಲಾಗಿದೆ." ಇದಾದ ಮೇಲೆ ಎಲ್‌ಸಿ ರಿಜಿಸ್ಟರ್‌ಗೆ ಎರಡನೇ ಸಹಿಯ ಕಾಲಂ ಸೇರಿಸಿದ್ದಾರೆ.

ಇದನ್ನು ಸರಿಯಾಗಿ ವಿಶ್ಲೇಷಣೆ ಮಾಡುವ ಕ್ರಮ ಯಾವುದು? ಪೂರ್ತಿ ಸ್ಕಾಡಾ (ಕಂಪ್ಯೂಟರ್‌ನಿಂದ ದೂರ ನಿಯಂತ್ರಣ), ಹೊಸ ಪ್ಯಾನೆಲ್ ಅಂತ ದಯವಿಟ್ಟು ಹೇಳಬೇಡಿ, ಅದಕ್ಕೆ ದುಡ್ಡಿಲ್ಲ.

ಟಿಎನ್‌ಸಿ

ನೀವು ಕೊಟ್ಟ ಎರಡು ಪ್ರಕರಣಗಳು ಒಂದೇ ಜಾತಿಯವಲ್ಲ. ಮೊದಲು ಅವನ್ನು ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮದ್ದು ಬೇರೆ ರೋಗಕ್ಕೆ ಹೋಗುತ್ತದೆ.

ತಪ್ಪುಗಳನ್ನು ನಾಲ್ಕು ಗುಂಪು ಮಾಡುವುದು ರೂಢಿ. ಮಾಡಬೇಕೆಂದುಕೊಂಡದ್ದು ಸರಿ, ಕೈ ಬೇರೆ ಕಡೆ ಹೋಯಿತು: ಇದು ಕೈತಪ್ಪು. ಒಂದು ಹೆಜ್ಜೆ ಬಿಟ್ಟುಹೋಯಿತು: ಮರೆವು. ಅಂದುಕೊಂಡದ್ದೇ ತಪ್ಪು, ಮಾಡಿದ್ದು ಅದಕ್ಕೆ ತಕ್ಕ ಹಾಗೆಯೇ ಇತ್ತು: ತಿಳಿವಿನ ತಪ್ಪು. ಗೊತ್ತಿದ್ದೂ ನಿಯಮ ಬಿಟ್ಟದ್ದು: ಉಲ್ಲಂಘನೆ. ತರಬೇತಿಯಿಂದ ಸ್ವಲ್ಪ ಸುಧಾರಿಸುವುದು ಮೂರನೆಯದು ಮಾತ್ರ. ಹದಿನೈದು ವರ್ಷ ಅನುಭವ ಇರುವವರಿಗೇ ಕೈತಪ್ಪು ಹೆಚ್ಚು, ಯಾಕೆಂದರೆ ಅವರ ಕೈ ತಲೆಗಿಂತ ಮುಂದೆ ಓಡುತ್ತದೆ.

ಈಗ ನಿಮ್ಮ ಎಫ್‌9/ಎಫ್‌13 ನೋಡಿ. ಎಫ್‌1ರ ಎದುರಿಗೆ ಎಫ್‌8 ಅಂದಿರಿ. ಅಂದರೆ ಎರಡನೇ ಸಾಲಿಗೆ ಮುಖ ಮಾಡಿ ನಿಂತರೆ ನಂಬರ್ ಬಲದಿಂದ ಎಡಕ್ಕೆ ಓಡುತ್ತದೆ. ಮೊದಲ ಸಾಲಿನಲ್ಲಿ ಎಡದಿಂದ ಎರಡನೆಯದು ಎಫ್‌2, ಅಂದರೆ ಆ ಸಾಲಿನ ಎರಡನೇ ಫೀಡರ್. ಎದುರು ಸಾಲಿನಲ್ಲಿ ಎಡದಿಂದ ಎರಡನೆಯದು ಎಫ್‌13. ಎಫ್‌9 ಬಲದಿಂದ ಎರಡನೆಯದು! ಆಪರೇಟರ್ "ಆ ಸಾಲಿನ ಎರಡನೇದು" ಎಂದು ಜಾಗದ ಲೆಕ್ಕದಲ್ಲಿ ನಡೆದಿದ್ದಾನೆ, ಸಾಲು ತಿರುಗಿಕೊಂಡಿದೆ. ಇದು ಅಜಾಗರೂಕತೆಯಲ್ಲ, ಪ್ಯಾನೆಲ್ ಜೋಡಣೆಯೇ ಹೆಣೆದಿಟ್ಟ ಬಲೆ. ಆಪರೇಟರ್‌ನನ್ನು ಬದಲಿಸಿದರೂ ಮುಂದಿನವನು ಅದೇ ಬಲೆಗೆ ಬೀಳುತ್ತಾನೆ.

ಹೊಸಹಳ್ಳಿ ಪ್ರಕರಣದಲ್ಲಿ ಎರಡು ಸಾಧ್ಯತೆ ಇದೆ. ಫೋನಿನಲ್ಲಿ "ಹೊಸಹಳ್ಳಿ" ಎಂದಷ್ಟೇ ಹೇಳಿದರೇ, ಅಥವಾ ರಿಜಿಸ್ಟರ್‌ನಲ್ಲಿ ಎಫ್‌5 ಎಂದು ಸರಿಯಾಗಿ ಬರೆದುಕೊಂಡು ಪಕ್ಕದ ಹ್ಯಾಂಡಲ್ ತಿರುಗಿಸಿದರೇ? ಮೊದಲನೆಯದಾದರೆ ತಿಳಿವಿನ ತಪ್ಪು, ಮೂಲ ಫೋನಿನಲ್ಲಿದೆ. ಎರಡನೆಯದಾದರೆ ಕೈತಪ್ಪು, ಮೂಲ ಪ್ಯಾನೆಲ್‌ನಲ್ಲಿದೆ. ರಿಜಿಸ್ಟರ್‌ನ ಆ ದಿನದ ಪುಟ ತೆಗೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ವರದಿ ಬರೆದವರು ಅಷ್ಟನ್ನೂ ನೋಡಿಲ್ಲ ಅನ್ನಿಸುತ್ತದೆ.

ಕ್ರಮ ಹೀಗೆ. ಎಲ್‌ಸಿ ಕೊಟ್ಟು ವಾಪಸ್ ಪಡೆಯುವ ಇಡೀ ಕೆಲಸವನ್ನು ಮೇಜಿನ ಮುಂದೆ ಕೂತು ಬರೆಯಬೇಡಿ, ಪ್ಯಾನೆಲ್ ರೂಮಿನಲ್ಲಿ ಆಪರೇಟರ್ ಜೊತೆ ನಡೆಯುತ್ತಾ ಬರೆಯಿರಿ. ಒಮ್ಮೆ ಹಗಲು, ಒಮ್ಮೆ ರಾತ್ರಿ ಎರಡು ಗಂಟೆಗೆ. ಫೋನ್ ಎತ್ತುವುದರಿಂದ ಶುರು ಮಾಡಿ ಲೈನ್ ಚಾರ್ಜ್ ಆಗುವವರೆಗೆ ಇಪ್ಪತ್ತೈದು–ಮೂವತ್ತು ಹೆಜ್ಜೆ ಆಗುತ್ತದೆ. ಪ್ರತಿ ಹೆಜ್ಜೆಗೂ ಕೇಳಿ: ಬಿಟ್ಟುಹೋದರೆ? ಬೇರೆಯದರ ಮೇಲೆ ಮಾಡಿದರೆ? ಹಿಂದುಮುಂದಾದರೆ? ಅರ್ಧ ಮಾಡಿದರೆ? ನೋಡಿ ಖಚಿತಪಡಿಸಬೇಕಾದದ್ದನ್ನು ನೋಡದಿದ್ದರೆ? ಹೇಳಿದ್ದು ಬೇರೆ, ಕೇಳಿದ್ದು ಬೇರೆ ಆದರೆ? ಉತ್ತರದ ಮುಂದೆ ಇನ್ನೊಂದು ಕಾಲಂ: ಈ ತಪ್ಪು ಯಾವ ಹೆಜ್ಜೆಯಲ್ಲಿ ತಾನಾಗಿ ಬಯಲಾಗುತ್ತದೆ? ಅಲ್ಲಿ "ಎಲ್ಲೂ ಇಲ್ಲ" ಎಂದು ಬಂದ ಹೆಜ್ಜೆಗಳೇ ನಿಮ್ಮ ಕೆಲಸದ ಪಟ್ಟಿ. ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ಬಸ್‌ಬಾರ್

ಬಲದಿಂದ ಎರಡನೆಯದು ಅನ್ನುವುದು ಯಾರಿಗೂ ಹೊಳೆದಿರಲಿಲ್ಲ, ನಿಜ. ಎಫ್‌5ರದ್ದು ರಿಜಿಸ್ಟರ್‌ನಲ್ಲಿ "ಹೊಸಹಳ್ಳಿ" ಎಂದಷ್ಟೇ ಇದೆ, ನಂಬರ್ ಇಲ್ಲ. ಎರಡನೇ ಸಹಿಯ ಬಗ್ಗೆ ಏನು ಹೇಳುತ್ತೀರಿ? ಮೇಲಿನವರಿಗೆ ಅಂಕಿ ತೋರಿಸದೆ ಒಪ್ಪಿಸಲು ಆಗುವುದಿಲ್ಲ.

ಟಿಎನ್‌ಸಿ

ಅಂಕಿ ಬೇಕೆಂದರೆ ಸ್ವೇನ್ ಮತ್ತು ಗಟ್‌ಮನ್ ಅಮೆರಿಕದ ಪರಮಾಣು ಸ್ಥಾವರಗಳಿಗಾಗಿ ಮಾಡಿದ, 1983ರಲ್ಲಿ ಹೊರಬಂದ 'ಥರ್ಪ್' ಕೋಷ್ಟಕಗಳಿವೆ, ಯಾವ ಕೆಲಸದಲ್ಲಿ ಮನುಷ್ಯ ಎಷ್ಟು ಸಲ ತಪ್ಪುತ್ತಾನೆ ಎಂಬ ಅಂದಾಜು. ನಿಮ್ಮ ಸ್ಟೇಷನ್‌ನಲ್ಲಿ ಅಳೆದ ಅಂಕಿಯಲ್ಲ ಅದು. ಎರಡು ವಿನ್ಯಾಸಗಳನ್ನು ಹೋಲಿಸಲು ಮಾತ್ರ ಬಳಸಿ, ಭವಿಷ್ಯ ಹೇಳಲು ಅಲ್ಲ.

ಒಂದೇ ರೀತಿ ಕಾಣುವ ಸ್ವಿಚ್‌ಗಳ ಸಾಲು, ಗುರುತಿಗೆ ಬರೀ ಲೇಬಲ್: ತಪ್ಪಾದದ್ದನ್ನು ಆರಿಸುವ ಸಂಭವ 0.003. ಸ್ಪಷ್ಟವಾಗಿ ಗುಂಪು ಮಾಡಿಟ್ಟಿದ್ದರೆ 0.001. ಮಿಮಿಕ್ ಚಿತ್ರದ ಭಾಗವಾಗಿ ಸ್ವಿಚ್ ಕೂತಿದ್ದರೆ 0.0005.

ದಿನಕ್ಕೆ ಹತ್ತು ಎಲ್‌ಸಿ ಅಂದರೆ ಆಫ್ ಹತ್ತು, ಆನ್ ಹತ್ತು, ಒಟ್ಟು 20 ಸಲ ಕೈ ಹ್ಯಾಂಡಲ್‌ಗೆ ಹೋಗುತ್ತದೆ. 20 × 0.003 = 0.06. ಹದಿನಾರು–ಹದಿನೇಳು ದಿನಕ್ಕೊಮ್ಮೆ ಕೈ ತಪ್ಪು ಹ್ಯಾಂಡಲ್ ಮೇಲೆ ಹೋಗುತ್ತದೆ ಎಂದಾಯಿತು. ಬಹುಪಾಲು ಅಲ್ಲೇ ಗೊತ್ತಾಗಿ ಕೈ ಹಿಂದೆ ಬರುತ್ತದೆ, ಆದ್ದರಿಂದ ರಿಜಿಸ್ಟರ್‌ಗೆ ಹತ್ತುವುದಿಲ್ಲ. ಮಿಮಿಕ್ ಅಂಕಿ ಹಾಕಿದರೆ 100 ದಿನಕ್ಕೊಮ್ಮೆ. ಮಿಮಿಕ್ ಅಂದರೆ ಇಲ್ಲಿ ಗೋಡೆಯ ಮೇಲಿನ ಚಿತ್ರಪಟ ಅಲ್ಲ. ಪ್ಯಾನೆಲ್‌ಗಳ ತಲೆಯ ಮೇಲೆ ಉದ್ದಕ್ಕೂ ಬಸ್‌ ಗೆರೆ, ಪ್ರತಿ ಹ್ಯಾಂಡಲ್‌ನಿಂದ ಅದರ ಫೀಡರ್‌ಗೆ ಇಳಿಯುವ ಗೆರೆ. ಒಂದನೇ ಬ್ಯಾಂಕ್‌ಗೆ ಒಂದು ಬಣ್ಣ, ಎರಡನೆಯದಕ್ಕೆ ಇನ್ನೊಂದು. ಪೇಂಟು, ಟೇಪು, ಎರಡು ದಿನದ ಕೆಲಸ.

ಇನ್ನು ಎರಡನೇ ಸಹಿ. ಬರೆದ ಪಟ್ಟಿ ಕೈಯಲ್ಲಿ ಹಿಡಿದು ಪರಿಶೀಲಿಸುವವನೂ ಹತ್ತರಲ್ಲಿ ಒಂದು ತಪ್ಪನ್ನು ಕಾಣದೆ ಬಿಡುತ್ತಾನೆ, 0.1. ಅವನು ನಿಜವಾಗಿ ಸ್ವತಂತ್ರನಾಗಿದ್ದರೆ 0.003 × 0.1 = 0.0003, ಹತ್ತು ಪಟ್ಟು ಲಾಭ. ಆದರೆ ನಿಮ್ಮಲ್ಲಿ ನಡೆಯುವುದು ಹಾಗಲ್ಲ ಅಂದುಕೊಳ್ಳುತ್ತೇನೆ. ಆಪರೇಟರ್ "ಆಫ್ ಮಾಡಿದೆ" ಅನ್ನುತ್ತಾನೆ, ಇನ್ನೊಬ್ಬ ಕುರ್ಚಿಯಿಂದಲೇ ಸಹಿ ಹಾಕುತ್ತಾನೆ. ಇಬ್ಬರೂ ಒಂದೇ ಮಾತನ್ನು ನಂಬಿದಾಗ ಅದನ್ನು ಹೆಚ್ಚಿನ ಅವಲಂಬನೆ ಎಂದು ಲೆಕ್ಕ ಹಾಕುತ್ತಾರೆ, ಸೂತ್ರ (1 + 0.1) ÷ 2 = 0.55. ಅಂದರೆ 0.00165. ತಪ್ಪು ಅರ್ಧಕ್ಕೂ ಇಳಿಯಲಿಲ್ಲ. ಜೊತೆಗೆ "ಅವನು ನೋಡ್ತಾನೆ ಬಿಡು" ಎಂದು ಇಬ್ಬರೂ ಸಡಿಲಾದರೆ ಅದೂ ಹೋಯಿತು.

ಸಹಿ ಉಳಿಸಿಕೊಳ್ಳುವುದಾದರೆ ಕ್ರಮ ತಿರುಗಿಸಿ. ಎರಡನೆಯವನಿಗೆ ಆಪರೇಟರ್ ಏನನ್ನೂ ಹೇಳಬಾರದು. ಅವನು ರೂಮಿಗೆ ಹೋಗಿ ಯಾವ ಟ್ರಾಲಿ ಹೊರಗಿದೆ, ಅದರ ಆಮ್‌ಮೀಟರ್ ಎಷ್ಟು ತೋರಿಸುತ್ತಿದೆ ಎಂದು ತಾನೇ ಬರೆದು ತರಬೇಕು. ಆಮೇಲೆ ಎಲ್‌ಸಿ ಕೋರಿಕೆಯ ಜೊತೆ ತಾಳೆ ನೋಡಬೇಕು. ರಾತ್ರಿ ಒಬ್ಬನೇ ಇರುವ ಪಾಳಿಯಲ್ಲಿ ಇದು ನಡೆಯದ ಮಾತು, ಅಲ್ಲಿ ಎರಡನೇ ಸಹಿ ಬರೀ ನಾಟಕ.

ಕಂಬದ ಮೇಲಿನವ

ಸ್ಟೇಷನ್ ಒಳಗಿನ ಲೆಕ್ಕ ಚೆನ್ನಾಗಿದೆ, ಆದರೆ ಸಾಯುವುದು ಕಂಬದ ಮೇಲೆ. ಆಪರೇಟರ್ ಹೆಸರು, ನಂಬರ್ ಎಲ್ಲ ಸರಿಯಾಗಿ ಹೇಳಿ ಸರಿಯಾದ ಫೀಡರ್ ಆಫ್ ಮಾಡಿದ್ದರೂ ಲೈನ್ ಜೀವಂತ ಇರಬಹುದು. ಒಂದೇ ಕಂಬದಲ್ಲಿ ಎರಡು ಸರ್ಕ್ಯೂಟ್ ಓಡುತ್ತಿದ್ದು ಎಲ್‌ಸಿ ಒಂದಕ್ಕೇ ತಗೊಂಡಿರುತ್ತಾರೆ. ಐಪಿ ಲೈನ್, ಎನ್‌ಜೆವೈ ಲೈನ್ ಒಂದೇ ರಸ್ತೆಯಲ್ಲಿ ಹೋಗಿರುತ್ತವೆ. ಜಿಒಎಸ್‌ನ (ಕಂಬದ ಮೇಲಿನ ಗ್ಯಾಂಗ್ ಸ್ವಿಚ್) ಮೂರು ಬ್ಲೇಡ್‌ಗಳಲ್ಲಿ ಒಂದು ಪೂರ್ತಿ ತೆರೆದಿರುವುದಿಲ್ಲ. ಕಲ್ಯಾಣ ಮಂಟಪದ ಜನರೇಟರ್‌ಗೆ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಮೂಲಕ ಹಿಮ್ಮುಖವಾಗಿ 11 ಕೆವಿ ಎದ್ದಿರುತ್ತದೆ. ಪಕ್ಕದಲ್ಲಿ 66 ಕೆವಿ ಲೈನ್ ಸಮಾನಾಂತರವಾಗಿ ಇದ್ದರೆ ಇಂಡಕ್ಷನ್ ಬೇರೆ.

ಹೆಸರು, ಕಾಗದ, ಫೋನು ಯಾವುದನ್ನೂ ನಂಬದ ತಡೆಗಳು ಎರಡೇ: ಟೆಸ್ಟ್ ಮಾಡುವುದು, ಅರ್ಥ್ ಮಾಡುವುದು (ಲೈನನ್ನು ನೆಲಕ್ಕೆ ಜೋಡಿಸುವುದು). ಅದರಲ್ಲೂ ಕ್ರಮ ತಪ್ಪಿದರೆ ಪ್ರಯೋಜನ ಇಲ್ಲ. ಡಿಟೆಕ್ಟರನ್ನು ಮೊದಲು ಜೀವಂತ ಎಂದು ಗೊತ್ತಿರುವ ಲೈನ್‌ಗೋ ಪ್ರೂವಿಂಗ್ ಯೂನಿಟ್‌ಗೋ ಹಿಡಿದು ಬೀಪ್ ಬರುವುದನ್ನು ನೋಡಿ, ಆಮೇಲೆ ಕೆಲಸದ ಲೈನ್‌ನ ಮೂರೂ ಫೇಸ್, ಕೊನೆಗೆ ಮತ್ತೆ ಜೀವಂತ ಲೈನ್. ಬ್ಯಾಟರಿ ಸತ್ತ ಡಿಟೆಕ್ಟರ್‌ಗೆ ಎಲ್ಲ ಲೈನೂ ಸತ್ತದ್ದೇ. ಅರ್ಥ್ ರಾಡ್‌ನ ನೆಲದ ತುದಿ ಮೊದಲು ಬಿಗಿ, ಆಮೇಲೆ ಕೋಲಿನಿಂದ ಕಂಡಕ್ಟರ್‌ಗೆ. ತೆಗೆಯುವಾಗ ಕಂಡಕ್ಟರ್ ಮೊದಲು, ನೆಲ ಕೊನೆಗೆ. ಕೆಲಸದ ಜಾಗದ ಎರಡೂ ಕಡೆ ಹಾಕಬೇಕು, ಒಂದು ಕಡೆ ಮಾತ್ರ ಹಾಕಿದರೆ ಇನ್ನೊಂದು ಕಡೆಯಿಂದ ಬರುವ ಬ್ಯಾಕ್‌ಫೀಡ್‌ಗೆ ಬಾಗಿಲು ತೆರೆದಿಟ್ಟ ಹಾಗೆ. ಮೂರು ಫೇಸ್ ಶಾರ್ಟ್ ಆಗಿ ಅರ್ಥ್ ಆಗಿದ್ದರೆ ಸ್ಟೇಷನ್‌ನಲ್ಲಿ ಯಾರಾದರೂ ತಪ್ಪಿ ಚಾರ್ಜ್ ಮಾಡಿದರೂ ರಿಲೇ ಬ್ರೇಕರನ್ನು ಟ್ರಿಪ್ ಮಾಡುತ್ತದೆ.

ಜಿಐ ವೈರಿಗೆ ಕಲ್ಲು ಕಟ್ಟಿ ಲೈನ್ ಮೇಲೆ ಎಸೆಯುವುದನ್ನು "ಟೆಸ್ಟ್" ಅನ್ನುವವರೂ ಇದ್ದಾರೆ. ಲೈನ್ ಜೀವಂತ ಇದ್ದರೆ ಆ ಆರ್ಕ್ ಎಸೆದವನ ಮುಖದ ಮುಂದೆಯೇ ಹೊತ್ತಿಕೊಳ್ಳುತ್ತದೆ.

ಹಾಗೆ ಮಾಡುವವರನ್ನು ಬೈದು ಉಪಯೋಗ ಇಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎರಡು ಸೆಟ್ ರಾಡ್, ಕೇಬಲ್, ಕ್ಲಾಂಪ್ ಎಲ್ಲ ಬೈಕ್ ಮೇಲೆ ಬರುವುದಿಲ್ಲ. ಗ್ಯಾಂಗ್ ಹೋಗುವುದು ಬೈಕಿನಲ್ಲಿ. ಸೆಟ್ ಇರುವುದು ಸೆಕ್ಷನ್ ಆಫೀಸಿನ ಬೀರುವಿನಲ್ಲಿ, ಬೀಗದ ಕೈ ಸ್ಟೋರ್ ನೋಡಿಕೊಳ್ಳುವವನ ಹತ್ತಿರ. ಇತ್ತ ಊರಿನವರ ಫೋನು ಹತ್ತು ನಿಮಿಷಕ್ಕೊಂದು. ಇದನ್ನು ಉಲ್ಲಂಘನೆ ಎಂದು ಬರೆಯುವ ಮೊದಲು, ಆ ನಿಯಮ ಪಾಲಿಸಲು ಎಷ್ಟು ಹೊತ್ತು ಬೇಕು, ಎಷ್ಟು ಕೊಟ್ಟಿದ್ದೇವೆ ಎಂದು ಗಡಿಯಾರ ಹಿಡಿದು ಅಳೆಯಿರಿ. ಪ್ರತಿ ಗ್ಯಾಂಗ್‌ಗೆ ಅದರದ್ದೇ ಸೆಟ್, ಬೈಕ್‌ಗೆ ಕಟ್ಟುವ ಹಗುರ ಮಡಿಚುವ ಕೋಲು ಕೊಟ್ಟರೆ ಅರ್ಧ ಉಲ್ಲಂಘನೆ ತಾನಾಗಿ ನಿಲ್ಲುತ್ತದೆ.

ಸಿಗ್ನಲ್ ದೀಪ

ಒಂದು ವಿಷಯ ಯಾರೂ ಎತ್ತಲಿಲ್ಲ: ಪ್ಯಾನೆಲ್ ದೀಪ. ನಮ್ಮ ಪ್ಯಾನೆಲ್‌ಗಳಲ್ಲಿ ಕೆಂಪು ಎಂದರೆ ಬ್ರೇಕರ್ ಆನ್, ಹಸಿರು ಎಂದರೆ ಆಫ್. ರಸ್ತೆಯಲ್ಲಿ ಕೆಂಪು ಎಂದರೆ ನಿಂತಿದೆ. ಹಳಬರಿಗೆ ಇದು ತೊಡಕಲ್ಲ, ಹೊಸದಾಗಿ ಬಂದವನು ಗಾಬರಿಯಲ್ಲಿದ್ದಾಗ ಹಳೆಯ ಅರ್ಥವೇ ಮೇಲೆ ಬರುತ್ತದೆ. ದೀಪದ ಕೆಳಗೆ "ಆನ್", "ಆಫ್" ಎಂದು ದಪ್ಪಗೆ ಬರೆಸಿ, ಬಣ್ಣ ಮಾತ್ರ ಸಾಲದು.

ಅದಕ್ಕಿಂತ ದೊಡ್ಡದು, ದೀಪ ಏನನ್ನು ಅಳೆಯುತ್ತದೆ ಎಂಬುದು. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಒತ್ತಡ ಇಳಿಸುವ ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು. ಪ್ಯಾನೆಲ್ ದೀಪ ತೋರಿಸುತ್ತಿದ್ದುದು ವಾಲ್ವ್ ಎಲ್ಲಿದೆ ಎಂದಲ್ಲ, ಅದರ ಸೊಲೆನಾಯ್ಡ್‌ಗೆ ಕರೆಂಟ್ ಇದೆಯೇ ಎಂದು. ಮುಚ್ಚು ಎಂಬ ಆಜ್ಞೆ ಹೋಯಿತು, ದೀಪ ಆರಿತು, ವಾಲ್ವ್ ಮುಚ್ಚಿದೆ ಎಂದೇ ಆಪರೇಟರ್‌ಗಳು ಓದಿಕೊಂಡರು. ಎರಡು ಗಂಟೆಗೂ ಹೆಚ್ಚು ಹೊತ್ತು ನೀರು ಹೊರಗೆ ಹೋಗುತ್ತಲೇ ಇತ್ತು.

ವಿಸಿಬಿಯಲ್ಲೂ ಅದೇ ಕಥೆ. ಕಾಂಟ್ಯಾಕ್ಟ್ ವ್ಯಾಕ್ಯೂಮ್ ಬಾಟಲಿಯೊಳಗೆ, ಕಣ್ಣಿಗೆ ಕಾಣುವುದಿಲ್ಲ. ಹಸಿರು ದೀಪ ಮತ್ತು ಮುಂದಿನ ಇಂಡಿಕೇಟರ್ ಎರಡೂ ಮೆಕ್ಯಾನಿಸಂ ಜೊತೆ ತಿರುಗುವವು. ಡ್ರೈವ್ ರಾಡ್ ಒಂದು ಫೇಸ್‌ನಲ್ಲಿ ತುಂಡಾಗಿದ್ದರೆ ಮೆಕ್ಯಾನಿಸಂ "ಆಫ್" ಅನ್ನುತ್ತದೆ, ಆ ಫೇಸ್ ಆನ್ ಇರುತ್ತದೆ. ಹಾಗಾಗಿ ಎಲ್‌ಸಿಗೆ ಹಸಿರು ದೀಪ ಸಾಕ್ಷಿ ಅಲ್ಲ. ಟ್ರಾಲಿ ಹೊರಗೆ ಬಂದು ಶಟರ್ ಮುಚ್ಚಿರುವುದೇ ಸಾಕ್ಷಿ. ಎಳೆಯುವ ಮುಂಚೆ ಮೂರೂ ಆಮ್‌ಮೀಟರ್ ಸೊನ್ನೆ ಇದೆಯೇ ನೋಡಿ, ಲೋಡ್ ಮೇಲೆ ಟ್ರಾಲಿ ಎಳೆದರೆ ಆರ್ಕ್ ಪ್ಯಾನೆಲ್ ಬಾಗಿಲನ್ನೇ ಒಡೆಯುತ್ತದೆ. ಟ್ರಿಪ್ ಮಾಡದೆ ಎಳೆಯದಂತೆ ಇರುವ ಇಂಟರ್‌ಲಾಕ್ ಕೆಲಸ ಮಾಡುತ್ತದೆಯೇ ಎಂದು ವರ್ಷಕ್ಕೊಮ್ಮೆ ಬಸ್ ಆಫ್ ಇದ್ದಾಗ ಪರೀಕ್ಷಿಸಿ. ಗ್ರೀಸ್ ಒಣಗಿ ಪಿನ್ ಸಿಕ್ಕಿಕೊಂಡಿರುವುದು ತೀರಾ ಸಾಮಾನ್ಯ.

ಪಕ್ಕಪಕ್ಕದ ಒಂದೇ ರೂಪದ ಗುಬುಟುಗಳ ಬಗ್ಗೆ ಬೆಂಗಳೂರಿಗೇ ಒಂದು ಉದಾಹರಣೆ ಇದೆ. 1990ರ ಫೆಬ್ರುವರಿ 14ರಂದು ಎಚ್‌ಎಎಲ್ ನಿಲ್ದಾಣದ ಹತ್ತಿರ ಬಿದ್ದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಇಳಿಯುವ ವೇಗದ ಗುಬುಟಿನ ಬದಲು ಪಕ್ಕದ ಎತ್ತರದ ಗುಬುಟು ತಿರುಗಿಸಿರಬಹುದು ಎಂಬ ಸಾಧ್ಯತೆ ಆಗ ಚರ್ಚೆಗೆ ಬಂದಿತ್ತು. ಆದರೆ ವಿಚಾರಣೆಯ ಒತ್ತು ಇದ್ದದ್ದು ಬೇರೆ ಕಡೆ: ಎಂಜಿನ್ ಐಡಲ್‌ನಲ್ಲಿದೆ ಎಂದು ತಿಳಿದ ಮೇಲೂ ಥ್ರಾಟಲ್ ಕೂಡಲೇ ಮುಂದೆ ಹೋಗಲಿಲ್ಲ. ಕೈತಪ್ಪು ಆಗುವುದು ಒಂದು, ಅದು ಬಯಲಾಗಿ ಸರಿಪಡಿಸಲು ಸಮಯ ಸಿಗುವುದು ಇನ್ನೊಂದು. ಟಿಎನ್‌ಸಿ ಅವರು ಹೇಳಿದ ಆ ಕೊನೆಯ ಕಾಲಂ ಇದಕ್ಕೇ.

ಬಸ್‌ಬಾರ್

ಲೇಬಲ್ ಬದಲಾಯಿಸಲು ಅನುಮತಿ ಸಿಗುತ್ತದೆ. ಅಳತೆ ಹೇಗಿರಬೇಕು? ಫೋನ್ ಮಾತಿಗೆ ಏನಾದರೂ ನಮೂನೆ ಇದೆಯೇ? ಇನ್ನೊಂದು, ಒಂದೇ ಫೀಡರ್ ಮೇಲೆ ಎರಡು ಮೂರು ಗ್ಯಾಂಗ್ ಇರುವಾಗ ಎಲ್‌ಸಿ ವಾಪಸ್ ಪಡೆಯುವುದೇ ನಮಗೆ ದೊಡ್ಡ ತಲೆನೋವು.

ಟಿಎನ್‌ಸಿ

ಲೇಬಲ್: ಓದುವ ದೂರವನ್ನು 200ರಿಂದ ಭಾಗಿಸಿದರೆ ಅಕ್ಷರದ ಎತ್ತರ. 3 ಮೀಟರ್‌ಗೆ 15 ಮಿಮೀ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ 15 ಮಿಮೀ ಮೂಲ ಅಕ್ಷರಕ್ಕೇ ಇರಲಿ, ಒತ್ತಿಗೆ ಬೇರೆ ಜಾಗ ಕೊಡಿ. ಇಲ್ಲವಾದರೆ "ಹಳ್ಳಿ"ಯ ಒತ್ತು ಕೆಳಗಿನ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಫೀಡರ್ ನಂಬರ್ ಹೆಸರಿಗಿಂತ ದೊಡ್ಡದಾಗಿ, 50 ಮಿಮೀ ಆದರೂ ಇರಲಿ. ಐಪಿ ಫೀಡರ್‌ಗೆ ಒಂದು ಹಿನ್ನೆಲೆ ಬಣ್ಣ, ಎನ್‌ಜೆವೈಗೆ ಇನ್ನೊಂದು. ಹೆಸರಿನಲ್ಲಿ ಬೇರೆಯಾಗುವ ಭಾಗ ಮೊದಲು ಬರಲಿ: "ಹೊಸಹಳ್ಳಿ ಐಪಿ" ಬೇಡ, "ಐಪಿ – ಹೊಸಹಳ್ಳಿ".

ಬಹಳ ಕಡೆ ತಪ್ಪುವುದು ಹಿಂಬದಿ. ಕೇಬಲ್ ಬಾಕ್ಸ್ ಕವರ್ ಮೇಲೆ ನಂಬರ್ ಬರೆದಿರುತ್ತಾರೆ. ಕವರ್‌ಗಳೆಲ್ಲ ಒಂದೇ ಅಳತೆ. ಎರಡು ಪ್ಯಾನೆಲ್‌ಗಳ ಕವರ್ ಒಟ್ಟಿಗೆ ಬಿಚ್ಚಿ ವಾಪಸ್ ಹಾಕುವಾಗ ಅದಲುಬದಲಾದರೆ ಲೇಬಲ್ಲೇ ಸುಳ್ಳು ಹೇಳುತ್ತದೆ. ನಂಬರ್ ಬಿಚ್ಚಲಾಗದ ಫ್ರೇಮ್ ಮೇಲೆ ಇರಬೇಕು, ಕವರ್ ಮೇಲೆ ಏನೂ ಬೇಡ. ಇವತ್ತೇ ಹೋಗಿ ನೋಡಿ.

ಫೋನ್: ಕೇಳುವವನು ನಂಬರ್ ಬಿಡಿಬಿಡಿಯಾಗಿ ಹೇಳಬೇಕು, "ಹದಿಮೂರು" ಅಲ್ಲ, "ಒಂದು–ಮೂರು". ಆಪರೇಟರ್ ಅದನ್ನೇ "ಹ್ಞೂಂ ಸರಿ" ಅನ್ನದೆ ಪೂರ್ತಿ ತಿರುಗಿ ಹೇಳಬೇಕು. ಕೇಳಿದವನು "ಸರಿ ಇದೆ" ಅನ್ನಬೇಕು. ಮೂರು ಸುತ್ತು, ಹದಿನೈದು ಸೆಕೆಂಡ್:

"ಎಲ್‌ಸಿ ಬೇಕು. ಎಫ್ ಸೊನ್ನೆ–ಐದು, ಐಪಿ ಹೊಸಹಳ್ಳಿ."
"ಎಫ್ ಸೊನ್ನೆ–ಐದು, ಐಪಿ ಹೊಸಹಳ್ಳಿಗೆ ಎಲ್‌ಸಿ ಕೇಳ್ತಿದೀರಿ."
"ಸರಿ ಇದೆ."

ಬರೆದುಕೊಳ್ಳುವುದು ತಿರುಗಿ ಹೇಳುವ ಮುಂಚೆ. ಬರೆದದ್ದನ್ನು ನೋಡಿಯೇ ಓದಬೇಕು, ನೆನಪಿನಿಂದ ಅಲ್ಲ. ಹ್ಯಾಂಡಲ್ ಮುಟ್ಟುವ ಮುಂಚೆ ಬೆರಳಿಟ್ಟು ನಂಬರನ್ನು ಗಟ್ಟಿಯಾಗಿ ಹೇಳುವುದು ಜಪಾನಿನ ರೈಲ್ವೆಯಲ್ಲಿ ಬಹಳ ಹಿಂದಿನಿಂದ ಇರುವ ಪದ್ಧತಿ. ನೋಡಲು ಹುಡುಗಾಟದ ಹಾಗೆ ಕಾಣುತ್ತದೆ, ಆದರೆ ಓಡುವ ಕೈಯನ್ನು ಅರೆ ಕ್ಷಣ ಹಿಡಿದು ನಿಲ್ಲಿಸುತ್ತದೆ.

ಕಂಬದ ಮೇಲಿನವ

ವಾಪಸ್ ಪಡೆಯುವುದರ ಬಗ್ಗೆ ನಾನು ಹೇಳುತ್ತೇನೆ. ಒಂದು ಗ್ಯಾಂಗ್‌ಗೆ ಒಂದು ಎಲ್‌ಸಿ, ಒಂದು ನಂಬರ್, ಹ್ಯಾಂಡಲ್ ಮೇಲೆ ಒಂದು ತಗಡಿನ ಬಿಲ್ಲೆ. ಮೂರು ಗ್ಯಾಂಗ್ ಇದ್ದರೆ ಮೂರು ಬಿಲ್ಲೆ. "ಎಲ್ಲರದ್ದೂ ಆಯ್ತು ಸರ್, ಚಾರ್ಜ್ ಮಾಡಿ" ಎಂದು ಒಬ್ಬ ಹೇಳಿದರೆ ಅವನ ಬಿಲ್ಲೆ ಮಾತ್ರ ಇಳಿಯಬೇಕು. ಬಿಲ್ಲೆ ಹ್ಯಾಂಡಲ್ ತಿರುಗದಂತೆ ತಡೆಯುವ ಕ್ಲಾಂಪ್‌ನಲ್ಲಿ ಕೂರುವಂತೆ ಮಾಡಿಸಿ, ಬರೀ ದಾರದಲ್ಲಿ ನೇತುಹಾಕಿದರೆ ಪಕ್ಕಕ್ಕೆ ಸರಿಸಿ ಆನ್ ಮಾಡುತ್ತಾರೆ. ತಗೊಂಡವನೇ ವಾಪಸ್ ಕೊಡಬೇಕು. ಅವನ ಪಾಳಿ ಮುಗಿದರೆ ಎಲ್‌ಸಿ ಇನ್ನೊಬ್ಬನ ಹೆಸರಿಗೆ ಹೊಸದಾಗಿ ಬರೆಯಬೇಕು, ಬಾಯಿಮಾತಿನಲ್ಲಿ ದಾಟಿಸುವ ಹಾಗಿಲ್ಲ.

ಇನ್ನೊಂದು ಮರೆವು ಇದೆ, ಅರ್ಥ್ ರಾಡ್ ಲೈನ್ ಮೇಲೇ ಬಿಟ್ಟು ಬರುವುದು. ಜಂಪರ್ ಹಾಕಿ ಆಯಿತು ಅಂದರೆ ತಲೆಯಲ್ಲಿ ಕೆಲಸ ಮುಗಿಯಿತು, ಆಮೇಲಿನ ಹೆಜ್ಜೆ ಜಾರುತ್ತದೆ.

ಸಿಗ್ನಲ್ ದೀಪ

ಹೌದು, ಗುರಿ ಮುಟ್ಟಿದ ಮೇಲೆ ಉಳಿಯುವ ಹೆಜ್ಜೆ ಮರೆಯುವುದು ಮನುಷ್ಯರೆಲ್ಲರ ಗುಣ. ದುಡ್ಡು ಮೊದಲು ಕೊಟ್ಟು ಕಾರ್ಡ್ ಆಮೇಲೆ ಕೊಡುವ ಎಟಿಎಂಗಳಲ್ಲಿ ಕಾರ್ಡ್ ಬಿಟ್ಟುಹೋಗುತ್ತಿದ್ದರು. ಕಾರ್ಡ್ ಮೊದಲು ತೆಗೆದರೆ ಮಾತ್ರ ದುಡ್ಡು ಎಂದು ತಿರುಗಿಸಿದ್ದು ಅದಕ್ಕೇ. ಇಲ್ಲೂ ಹಾಗೆ ಮಾಡಬಹುದು: ಪ್ರತಿ ರಾಡ್‌ಗೆ ನಂಬರ್ ಪಂಚ್ ಮಾಡಿಸಿ, ಎಲ್‌ಸಿ ತಗೊಳ್ಳುವಾಗ ಆ ನಂಬರ್ ರಿಜಿಸ್ಟರ್‌ಗೆ ಹೋಗಲಿ. ವಾಪಸ್ ಕೊಡುವಾಗ ರಾಡ್ ಕೈಯಲ್ಲಿ ಹಿಡಿದು ನಂಬರ್ ಓದಿದರೆ ಮಾತ್ರ ಆಪರೇಟರ್ ಬಿಲ್ಲೆ ಇಳಿಸಬೇಕು. ನಂಬರ್ ಬಾಯಿಪಾಠ ಆಗುವಂತಿದ್ದರೆ ಉಪಯೋಗ ಇಲ್ಲ, 1, 2, 3 ಎಂದು ಹಾಕಬೇಡಿ, 47, 82 ಹೀಗೆ ಹಾಕಿ. ಆಗಾಗ ಗ್ಯಾಂಗ್‌ಗಳ ನಡುವೆ ಸೆಟ್ ಬದಲಿಸುತ್ತಿರಿ.

ಬಸ್‌ಬಾರ್

ಹಿಂಬದಿ ಕವರ್ ನೋಡಿ ಬಂದೆ. 14ರಲ್ಲಿ ಎರಡು ಅದಲುಬದಲಾಗಿವೆ: ಎಫ್‌11ರದ್ದು ಎಫ್‌12ರ ಮೇಲೆ, ಎಫ್‌12ರದ್ದು ಎಫ್‌11ರ ಮೇಲೆ. ಬ್ಯಾಂಕ್ ಆಫ್ ಸಿಕ್ಕಿದ ದಿನ ಸರಿಮಾಡುತ್ತೇವೆ, ಅಲ್ಲಿಯವರೆಗೆ ಎರಡಕ್ಕೂ ಕೆಂಪು ಟೇಪು ಸುತ್ತಿಸಿದ್ದೇನೆ.

ಟಿಎನ್‌ಸಿ

ಟೇಪಿನ ಮೇಲೆ ಯಾಕೆ ಸುತ್ತಿದ್ದು, ಯಾವ ತಾರೀಕು ಎಂದು ಬರೆಸಿ. ಬರೆಯದ ಟೇಪನ್ನು ಮುಂದಿನ ಪಾಳಿಯವನು ಕಸ ಅಂದುಕೊಂಡು ಕಿತ್ತುಹಾಕುತ್ತಾನೆ. ಕವರ್ ಸರಿಮಾಡುವ ದಿನ ಎರಡೂ ಫೀಡರ್‌ಗಳ ಕೇಬಲ್ ಟ್ಯಾಗನ್ನು ಯಾರ್ಡ್‌ನ ಡಿಪಿ (ಜೋಡಿ) ಕಂಬದವರೆಗೆ ಹಿಡಿದು ನೋಡಿ, ಅದಲುಬದಲಾಗಿರುವುದು ಕವರ್ ಒಂದೇ ಎಂದು ಅಲ್ಲಿವರೆಗೆ ನಂಬಬೇಡಿ.